ಬ್ಲಾಕ್‌ಜಾಕ್ ಸೈಡ್ ಬೆಟ್: ಇನ್ಶೂರೆನ್ಸಾ, ಲಕ್ಕಿ ಲೇಡೀಸಾ, ಪೇರ್ಸಾ? ಯಾವುದನ್ನ ಎಣಿಸೋದು?

ಹೈ-ಲೋ (ಬಿದ್ದ ಎಲೆಗಳನ್ನ +1, 0, -1 ಅಂತ ಎಣಿಸೋ ವಿಧಾನ) ಕಲ್ತಾಯ್ತು, ಈಗ ಸೈಡ್ ಬೆಟ್‌ನಲ್ಲಿ (ಮುಖ್ಯ ಆಟದ ಜೊತೆ ಹಾಕೋ ಪಕ್ಕದ ಬೆಟ್) ಯಾವುದನ್ನ ಎಣಿಸೋದು ಅಂತ ಯೋಚಿಸ್ತಿದ್ರೆ, ಕಣ್ಮುಚ್ಚಿ ಇನ್ಶೂರೆನ್ಸ್ ಇಂದ ಶುರು ಮಾಡಿ ಅಂತೀನಿ. ಡೀಲರ್ ಮುಂದೆ ಎಕ್ಕ ಬಿದ್ದಾಗ ಕೇಳ್ತಾರಲ್ಲ ಅದು, ಡೀಲರ್‌ನ ಮುಚ್ಚಿದ ಎಲೆ ಹತ್ತರದ್ದು ಅಂತ ಕಟ್ಟೋ ಬೆಟ್, ಗೆದ್ರೆ ಒಂದಕ್ಕೆ ಎರಡು ಕೊಡ್ತಾರೆ, ಹಾಗಾಗಿ ಉಳಿದ ಎಲೆಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹತ್ತರ ಎಲೆ (ರಾಜ, ರಾಣಿ, ಗುಲಾಮನೂ ಸೇರಿ) ಇದ್ರೆ ಮಾತ್ರ ಲಾಭ. ಆರು ಡೆಕ್ (52 ಎಲೆಗಳ ಆರು ಕಟ್ಟು) ಆಟದ ಶುರುವಲ್ಲಿ ಆ ಎಕ್ಕ ಬಿಟ್ರೆ 311ರಲ್ಲಿ 96 ಅಷ್ಟೇ, ಅಂದ್ರೆ ಸುಮಾರು ಶೇ. 7.4 ನಷ್ಟ.

ಹೈ-ಲೋನಲ್ಲಿ ಟ್ರೂ ಕೌಂಟ್ (ಎಣಿಕೆಯನ್ನ ಉಳಿದ ಡೆಕ್‌ಗಳ ಸಂಖ್ಯೆಯಿಂದ ಭಾಗಿಸಿದ್ದು) +3 ಬಂದ್ರೆ ತಗೋಬಹುದು. ಪಕ್ಕಾ ಲೆಕ್ಕ ಬೇಕಾ? ಆರು ಡೆಕ್‌ಗೆ -24ರಿಂದ ಶುರು ಮಾಡಿ, ಹತ್ತರ ಎಲೆಗೆ -2, ಉಳಿದ ಎಲ್ಲಕ್ಕೂ +1. ಐದು, ಒಂಬತ್ತು, ರಾಜ ಬಿದ್ರೆ ಲೆಕ್ಕ ಇದ್ದಲ್ಲೇ ಇರುತ್ತೆ. ಸೊನ್ನೆ ದಾಟಿತಾ, ಹಾಕಿ. ಭಾಗಾಕಾರದ ಗೋಜೇ ಇಲ್ಲ, ಇದು ನಂಗೆ ತುಂಬಾ ಇಷ್ಟ.

ಲಕ್ಕಿ ಲೇಡೀಸ್‌ನಲ್ಲಿ ನಿಮ್ಮ ಮೊದಲೆರಡು ಎಲೆ ಸೇರಿ 20 ಆಗ್ಬೇಕು, ಹತ್ತರ ಎಲೆ ಉಳಿದಷ್ಟೂ ಒಳ್ಳೇದು ಅನ್ನೋದ್ರಿಂದ ಹೈ-ಲೋನೇ ನಡೆಯುತ್ತೆ, ಆದ್ರೆ ಕ್ಯಾಸಿನೋ ಪಾಲು ತುಂಬಾ ದೊಡ್ಡದು, ಕೌಂಟ್ ಸಿಕ್ಕಾಪಟ್ಟೆ ಮೇಲೇರೋವರೆಗೂ ಕಾಯ್ಬೇಕು, ಪೇ ಟೇಬಲ್ (ಗೆದ್ರೆ ಎಷ್ಟು ಕೊಡ್ತಾರೆ ಅನ್ನೋ ಪಟ್ಟಿ) ಬೇರೆ ಒಂದೊಂದು ಕಡೆ ಒಂದೊಂದು ಥರ.

ಪರ್ಫೆಕ್ಟ್ ಪೇರ್ಸ್ (ನಿಮ್ಮ ಮೊದಲೆರಡು ಎಲೆ ಜೋಡಿ ಆಗ್ಬೇಕು), 21+3 (ಆ ಎರಡು ಎಲೆ, ಡೀಲರ್‌ನ ತೆರೆದ ಎಲೆ ಸೇರಿ ಪೋಕರ್ ಥರದ ಕೈ ಆಗ್ಬೇಕು) ಎರಡನ್ನೂ ಬಿಟ್ಬಿಡಿ. ಅಲ್ಲಿ ಬಣ್ಣ, ಗುರುತು, ಜೋಡಿ ಮುಖ್ಯ, ಹೈ-ಲೋ ಕೆಲಸಕ್ಕೆ ಬರಲ್ಲ, ಒಂದೊಂದು ಗುರುತನ್ನೂ ಬೇರೆ ಬೇರೆ ಎಣಿಸೋದು ತಲೆಗೆ ಆಗೋ ಕೆಲಸ ಅಲ್ಲ.

ಎಲೆ ನಿರಂತರ ಕಲಸೋ ಮಷಿನ್ ಇರೋ ಟೇಬಲ್‌ನಲ್ಲಿ ಇದ್ಯಾವುದೂ ನಡೆಯಲ್ಲ. ನೆವಾಡಾದಲ್ಲಿ ಮನಸ್ಸಲ್ಲೇ ಎಣಿಸೋದು ಅಪರಾಧ ಅಲ್ಲ, ಆದ್ರೆ ಗೊತ್ತಾದ್ರೆ ಎದ್ದು ಹೋಗಿ ಅಂತಾರೆ.