ಲಾಸ್ ವೇಗಸ್‌ನ ಡಬ್ಲ್ಯುಎಸ್‌ಒಪಿ (ವರ್ಲ್ಡ್ ಸೀರೀಸ್ ಆಫ್ ಪೋಕರ್) ಮೇನ್ ಇವೆಂಟ್: ಆಡಲು ಹೇಗಿದೆ?

ಪ್ರವೇಶಕ್ಕೆ 10,000 ಡಾಲರ್ ದುಬಾರಿಯೇ. ಆದರೆ ಇಷ್ಟು ಸಾವಧಾನವಾಗಿ ಆಡಲು ಬಿಡುವ ಪೋಕರ್ ಟೂರ್ನಿ ಅಪರೂಪ: ಕೈಗೆ ಮೊದಲು 60,000 ಚಿಪ್ಸ್, ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ಮೊತ್ತ) 100–200ರಿಂದ ಶುರು, ಅದು ಏರುವ ಒಂದೊಂದು ಲೆವೆಲ್ 2 ಗಂಟೆ. ಅಂದರೆ ಕೈಯಲ್ಲಿ 300 ಬಿಗ್ ಬ್ಲೈಂಡ್ (ದೊಡ್ಡ ಬ್ಲೈಂಡ್ 200ರ 300 ಪಟ್ಟು). ಹೊಸಬರು ಎಡವುವುದೂ ಇಲ್ಲೇ. ಜೋಡಿ ಎಕ್ಕ ಬಂತೆಂದು ಮೊದಲ ದಿನವೇ ಇಡೀ ರಾಶಿ ನೂಕುತ್ತಾರೆ. ಇಷ್ಟು ಚಿಪ್ಸ್ ಇರುವಾಗ ಫ್ಲಾಪ್ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಆದಮೇಲೆ ಎದುರಾಳಿಯೂ ಎಲ್ಲವನ್ನೂ ಒಡ್ಡಿದರೆ ಅವರ ಬಳಿ ಹೆಚ್ಚಾಗಿ ಸೆಟ್ಟೇ (ಒಂದೇ ಬೆಲೆಯ ಮೂರು ಎಲೆ, ಜೋಡಿ ಎಕ್ಕಕ್ಕಿಂತ ಮೇಲು) ಇರುತ್ತದೆ. ಔಟಾದರೆ ಮರುಪ್ರವೇಶವಿಲ್ಲ, ಅದೇ ಇದರ ಗತ್ತು.

ಡೀಲರ್‌ಗಳು ನಿಯಮದಲ್ಲಿ ಕಟ್ಟುನಿಟ್ಟು. ಎದುರಿನವರು ಬೆಟ್ ಕಟ್ಟಿದಾಗ ‘ರೈಸ್’ (ಏರಿಸುತ್ತೇನೆ) ಎನ್ನದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಬರೀ ಕಾಲ್, ಅಂದರೆ ಅವರ ಬೆಟ್ಟಿಗೆ ಸರಿಗಟ್ಟಿದಷ್ಟೇ. ಬಾಯಲ್ಲಿ ಮೊತ್ತ ಹೇಳಿ, ಆಮೇಲೆ ಚಿಪ್ ಮುಟ್ಟಿ.

ನೋಂದಣಿಯ ಸಾಲು ಉದ್ದ. ಪಾಸ್‌ಪೋರ್ಟ್ ಹಿಡಿದು ಹಿಂದಿನ ದಿನವೇ ಮುಗಿಸಿಕೊಳ್ಳಿ. ಭಾರತದಿಂದ ಹೋಗಿ ಗೆದ್ದವರಿಗೆ ಶೇ 30 ತೆರಿಗೆ ಅಲ್ಲೇ ಕಡಿತ.