ಆಡಿಯೋ ಆಪ್‌ಗೆ ಕಾದಂಬರಿ ಕೊಡುವ ಮುಂಚೆ ಇದನ್ನೊಮ್ಮೆ ಓದಿ

"ಮೇಡಂ, ನಿಮ್ಮ ಕಾದಂಬರೀನ ಆಡಿಯೋ ಸರಣಿ ಮಾಡ್ತೀವಿ. ಹಿಸ್ಟಾರಿಕಲ್ ಲವ್ ಸ್ಟೋರಿಗೆ ಈಗ ಭಾರಿ ಡಿಮ್ಯಾಂಡ್." ಇಂಥ ಫೋನು ನಿಮಗೂ ಬಂದಿದ್ದರೆ ಹೂಂ ಅನ್ನುವ ಮುಂಚೆ ಸ್ವಲ್ಪ ತಡೆಯಿರಿ. ಕಂಪನಿಯ ಹೆಸರು ಬರೆಯುವುದಿಲ್ಲ, ವಿಷಯ ವಕೀಲರ ಕೈಯಲ್ಲಿದೆ. ಆದರೆ ನನ್ನ ಪುಸ್ತಕಕ್ಕೆ ಏನು ಮಾಡಿದರು ಅನ್ನೋದನ್ನು ಬರೆಯಲು ಅಡ್ಡಿಯಿಲ್ಲ.

ನಾನು ಧಾರವಾಡದವಳು. ಹಳೇ ಕಾಲದ ಪ್ರೇಮಕಥೆ ಬರೆಯುತ್ತೇನೆ. ರಾಜ, ಕುದುರೆ, ಬೆಳದಿಂಗಳು ಇದ್ದರೆ ಮುಗೀತು ಅಂದುಕೊಂಡವರೇ ಜಾಸ್ತಿ. ಈ ಕಾದಂಬರಿ ನಡೆಯುವುದು ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ, 1192ರ ಸುಮಾರಿಗೆ. ಆಗ ಅದು ಲೊಕ್ಕಿಗುಂಡಿ. ಹೊಯ್ಸಳರ ಇಮ್ಮಡಿ ಬಲ್ಲಾಳ ಅಲ್ಲಿ ನೆಲೆಯೂರಿದ್ದ ಕಾಲ. ನಾಯಕ ನಾಣ್ಯ ಅಚ್ಚುಹಾಕುವ ಟಂಕಸಾಲೆಯಲ್ಲಿ ಕೆಲಸ ಮಾಡುವವನು. ಗದ್ಯಾಣ, ಪಣ, ಹಾಗ, ವೀಸ ಅನ್ನೋ ಆ ಕಾಲದ ನಾಣ್ಯಗಳ ಲೆಕ್ಕ ನನಗೆ ಗೊತ್ತಿಲ್ಲದಿದ್ದರೆ ಅವನು ನಾಯಕಿಗೆ ಒಂದು ಜೊತೆ ಬಳೆಯನ್ನೂ ಕೊಡಿಸುವಂತಿಲ್ಲ. ಅವಳು ಹೂವು ತಗೊಂಡು ಹೋಗುವ ಬ್ರಹ್ಮ ಜಿನಾಲಯ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಅಂದರೆ ಅವಳ ಕಾಲಕ್ಕೇ ಅದು ಹಳೇ ಬಸದಿ. ಊಟದ ದೃಶ್ಯ ಬರೆಯೋದು ಇನ್ನೂ ಕಷ್ಟ. ಜೋಳದ ರೊಟ್ಟಿ ಬಡಿಸಬಹುದು. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಬಟಾಟಿ ಯಾವುದನ್ನೂ ಬಡಿಸುವಂತಿಲ್ಲ. ಅವೆಲ್ಲ ಮೂಲದಲ್ಲಿ ಅಮೆರಿಕದವು, ಪೋರ್ಚುಗೀಸರು ಬಂದಮೇಲೆ ನಮ್ಮ ಕಡೆ ಬಂದವು. ಖಾರ ಬೇಕಂದ್ರೆ ಕರಿಮೆಣಸು, ಶುಂಠಿ. ಬರೀ ಜೋಳ, ತುಪ್ಪ, ಕರಿಮೆಣಸು ಇಟ್ಟುಕೊಂಡು ಉತ್ತರ ಕರ್ನಾಟಕದ ಪ್ರೇಮಿಗಳನ್ನು ಖುಷಿಯಾಗಿಡುವುದು ಸಣ್ಣ ಮಾತಲ್ಲ, ಬಿಡಿ.

ಯಾರು ಯಾವ ಗುಡಿಗೆ ಎಷ್ಟು ಮತ್ತರು ಭೂಮಿ ಕೊಟ್ಟರು ಅನ್ನೋದು ಶಾಸನದಲ್ಲಿ ಸಿಗುತ್ತದೆ. ಹುಡುಗ ಹುಡುಗಿ ಬಾವಿಯ ಮೆಟ್ಟಿಲ ಮೇಲೆ ಕೂತು ಏನು ಮಾತಾಡಿದರು ಅನ್ನೋದು ಸಿಗುವುದಿಲ್ಲ. ಆ ಭಾಗ ನಮ್ಮದು. ಅದಕ್ಕೇ ವರ್ಷಗಟ್ಟಲೆ ಹಿಡಿಯುತ್ತದೆ.

ಇಷ್ಟು ಮಾಡಿದರೆ ಸಿಗುವುದೆಷ್ಟು? 250 ರೂಪಾಯಿಯ ಪುಸ್ತಕ 500 ಪ್ರತಿ ಅಚ್ಚಾಗಿ, 10 ಪರ್ಸೆಂಟ್ ಗೌರವಧನ ಅಂತ ಹಿಡಿದರೆ 12,500 ರೂಪಾಯಿ. ಅದೂ ಎಲ್ಲ ಪ್ರತಿ ಮಾರಾಟವಾದರೆ. ಹಾವೇರಿ ಸೀಮೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರಂತೆ. ನಾವೂ ಈಗ ಅದನ್ನೇ ವಾಟ್ಸಾಪಿನಲ್ಲಿ ಮಾಡುತ್ತಿದ್ದೇವೆ, ಅಷ್ಟೇ. ಹೀಗಿರುವಾಗ "ಕಂತಿಗೆ 400 ರೂಪಾಯಿ, ಕನಿಷ್ಠ 100 ಕಂತು" ಅಂದರೆ ಯಾರಿಗೆ ಬೇಡ?

ಮೊದಲು ಬಂದ ಕರಾರು ಕನ್ನಡದಲ್ಲಿತ್ತು, ಚಿಕ್ಕದಾಗಿತ್ತು. ಕನ್ನಡ ಆಡಿಯೋ ಮಾತ್ರ, 5 ವರ್ಷ, ಪ್ರತಿ ಕಂತಿನಲ್ಲೂ ಲೇಖಕಿಯ ಹೆಸರು. ಚೆನ್ನಾಗಿಯೇ ಇತ್ತು. ಸಹಿಗೆ ಬಂದದ್ದು ಬೇರೆ. ಇಂಗ್ಲಿಷಿನ ಉದ್ದನೆಯ ಪಿಡಿಎಫ್, ಜೊತೆಗೆ ಒಟಿಪಿ ಹಾಕಿ ಸಹಿ ಮಾಡುವ ಲಿಂಕು. "ಅದೇ ಮೇಡಂ, ನಮ್ಮ ಲೀಗಲ್ ಟೀಮು ಇಂಗ್ಲಿಷಿಗೆ ಹಾಕಿದೆ ಅಷ್ಟೇ. ಸಂಜೆಗೆ ಲಿಂಕ್ ಎಕ್ಸ್‌ಪೈರ್ ಆಗುತ್ತೆ" ಅಂದ ಫೋನು ಮಾಡಿದ್ದ ಕಂಪನಿಯ ಹುಡುಗ. ನಂಬಿ ಒಟಿಪಿ ಹಾಕಿದೆ. ಅದೇ ಆಗಿರಲಿಲ್ಲ. ಎಲ್ಲ ಭಾಷೆ, ಎಲ್ಲ ಮಾಧ್ಯಮ, ಶಾಶ್ವತವಾಗಿ ಅಂತಿತ್ತು. ಪಾತ್ರಗಳು, ಅವುಗಳ ಮುಂದಿನ ಕಥೆ ಕೂಡ ಕಂಪನಿಯದು ಅಂತಿತ್ತು. ಕಂಪನಿ ಒಪ್ಪಿದ ಕಂತಿಗೆ ಮಾತ್ರ ದುಡ್ಡು ಅಂತಲೂ ಇತ್ತು.

ದುಡ್ಡಿನ ಆಟ ಬೇಗ ಹೇಳಿ ಮುಗಿಸುತ್ತೇನೆ. ನಾನು ಕಳಿಸಿದ ಎರಡು ಕಂತು ಸೇರಿಸಿ ಒಂದು ಮಾಡುತ್ತಿದ್ದರು. ಹಾಗಾಗಿ ಲೆಕ್ಕದಲ್ಲಿ ನೂರು ಅನ್ನೋದು ಬರಲೇ ಇಲ್ಲ.

ಹೊಟ್ಟೆ ಉರಿಸಿದ್ದು ಕಥೆಗೆ ಮಾಡಿದ್ದು. ಅವರದೊಂದು ಸ್ಕ್ರಿಪ್ಟ್ ತಂಡ ಇದೆ. "ಲೋಕಲ್ ಫ್ಲೇವರ್" ಬರಲಿ ಅಂತ ನಾಯಕಿಯ ಕೈಲಿ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸಿದರು! ಹೋಗಲಿ ಅನ್ನೋಣ. ಆಮೇಲೆ ಅತ್ತಿಮಬ್ಬೆಯನ್ನೇ ಕರೆತಂದು, ಬಲ್ಲಾಳನ ಮುಂದೆ ಆ ಜೋಡಿಗೆ ಆಶೀರ್ವಾದ ಮಾಡಿಸಿದರು. ಗದಗಿನಿಂದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಯಾಕವ್ವಾ, ಅತ್ತಿಮಬ್ಬೆ ಇನ್ನೂರು ವರ್ಷ ಬದುಕಿದ್ಲೇನು?" ನಾನು ಏನಂತ ಹೇಳಲಿ? ಅಲ್ಲಿವರೆಗೂ ಸರಣಿಯ ಮೇಲೆ ನನ್ನ ಹೆಸರಿತ್ತು. ನಾನು ತಕರಾರು ತೆಗೆದ ಮೇಲೆ ಹೆಸರೇ ಹೋಯಿತು, "ನಮ್ಮ ತಂಡದ ರಚನೆ" ಅಂತ ಬಂತು. ಇತ್ತ ನನ್ನ ಪ್ರಕಾಶಕರು ಎರಡನೇ ಭಾಗ ಅಚ್ಚಿಗೆ ಕೊಡಿ ಅಂದರು. ಕಂಪನಿಯಿಂದ ಮೇಲ್ ಬಂತು, ಆ ಪಾತ್ರಗಳು ತಮ್ಮವು, ಬಳಸುವಂತಿಲ್ಲ ಅಂತ. ನಾನೇ ಹುಟ್ಟಿಸಿದ ಟಂಕಸಾಲೆಯ ಹುಡುಗನನ್ನು ನಾನೇ ಮುಟ್ಟುವಂತಿಲ್ಲ!

ಕಾಗದ ತಗೊಂಡು ಧಾರವಾಡ ಕೋರ್ಟಿನ ವಕೀಲರೊಬ್ಬರ ಹತ್ತಿರ ಹೋದೆ. ಮೊದಲ ಕರಡನ್ನೂ ಪಿಡಿಎಫನ್ನೂ ಪಕ್ಕಪಕ್ಕ ಇಟ್ಟು ಓದಿದರು. "ಅಕ್ಕಾರ, ಆ ವಾಟ್ಸಾಪ್ ಮೆಸೇಜ್ ಒಂದೂ ಡಿಲೀಟ್ ಮಾಡಬ್ಯಾಡ್ರಿ" ಅಂದದ್ದೇ ಅವರ ಮೊದಲ ಮಾತು. ಅವರಿಂದ ತಿಳಿದದ್ದು ಇಷ್ಟು. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ, ಹಕ್ಕು ಬರೆದುಕೊಡುವ ಪತ್ರದಲ್ಲಿ ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ದುಡ್ಡು ಅನ್ನೋದು ಇರಬೇಕು. ಅವಧಿ ಬರೆಯದೇ ಇದ್ದರೆ 5 ವರ್ಷ ಅಂತ ಹಿಡಿಯುತ್ತಾರೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಇವರು ಎರಡನ್ನೂ ಮರೆಯದೆ ತುಂಬಿರುತ್ತಾರೆ. ಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ ಅದು ನಮಗೇ ವಾಪಸ್ ಬರುತ್ತದೆ. ಆದರೆ ಪತ್ರದಲ್ಲಿ ಬೇರೆ ಥರ ಬರೆದಿದ್ದರೆ ಇಲ್ಲ. ನನ್ನ ಪಿಡಿಎಫಿನಲ್ಲಿ ಬೇರೆ ಥರವೇ ಬರೆದಿತ್ತು. ಹಿಂದಿ, ತೆಲುಗು ಸರಣಿ, ಸಿನಿಮಾ ಯಾವುದೂ ಮಾಡದೆ ಸುಮ್ನೆ ಹಕ್ಕು ಹಿಡಿದುಕೊಂಡು ಕೂರಲು ಇದೇ ದಾರಿ.

ಕೈಗೆ ಸಿಕ್ಕ ಗಟ್ಟಿ ಹಿಡಿತ ಅಂದರೆ 57ನೇ ಕಲಂ. ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು ಲೇಖಕರಿಗೇ ಉಳಿಯುತ್ತದೆ. ಮರ್ಯಾದೆಗೆ ಕುಂದು ಬರುವ ಹಾಗೆ ತಿರುಚಿದರೆ ತಡೆಯಲೂಬಹುದು. ಅದರ ಮೇಲೆ ನೋಟಿಸ್ ಕೊಟ್ಟೆವು. ಹೆಸರು ವಾಪಸ್ ಬಂತು. ಅತ್ತಿಮಬ್ಬೆಯ ಕಂತನ್ನು ತೆಗೆದರು. ಮೆಣಸಿನಕಾಯಿ ಹಾಗೇ ಇದೆ.

ಎರಡನೇ ಭಾಗದ ಜಗಳ ಇನ್ನೂ ನಡೆದಿದೆ. ಹಸ್ತಪ್ರತಿ ಪೂರ್ತಿ ಸಿದ್ಧವಿದೆ, ಪ್ರಕಾಶಕರು ಮುಟ್ಟಲು ಹೆದರುತ್ತಾರೆ. ಅವರದೇನೂ ತಪ್ಪಿಲ್ಲ, ಕೋರ್ಟು ಕಚೇರಿ ಅಲೆಯುವ ಶಕ್ತಿ ಯಾರಿಗಿದೆ? ನಾನೀಗ 1858ರ ನರಗುಂದ ಬಂಡಾಯದ ಕಥೆಯ ಕಡೆ ಹೊರಳಿದ್ದೇನೆ. ಅಲ್ಲಿ ಮೆಣಸಿನಕಾಯಿಯನ್ನಾದರೂ ಧಾರಾಳವಾಗಿ ಹಾಕಬಹುದು.

ನಿಮ್ಮ ಫೋನಿನಲ್ಲಿ ಈಗಾಗಲೇ ಆ ಲಿಂಕು ಬಂದು ಕೂತಿದ್ದರೆ ಒಟಿಪಿ ಹಾಕಬೇಡಿ. ಕನ್ನಡ ಆಡಿಯೋ ಮಾತ್ರ, ಇಷ್ಟೇ ವರ್ಷ, ಪಾತ್ರಗಳು ಮತ್ತು ಮುಂದಿನ ಭಾಗ ನನ್ನದೇ, ಕಂತು ಅಂದರೆ ಇಷ್ಟು ಪದ, ಬದಲಾವಣೆ ನನಗೆ ತೋರಿಸಿಯೇ ಮಾಡಬೇಕು ಅಂತ ಮೇಲ್ ಬರೆದು ಕಳಿಸಿ. ಫೋನಿನಲ್ಲಿ ಹೂಂ ಅಂದದ್ದನ್ನು ಮೇಲಿನಲ್ಲೂ ಅನ್ನುತ್ತಾರಾ ನೋಡಿ. ಸಂಜೆಗೆ ಮುಗಿದುಹೋಗುವ ಲಿಂಕು ಮರುದಿನ ಬೆಳಿಗ್ಗೆ ಮತ್ತೆ ಬರುತ್ತದೆ, ಅದರ ಬಗ್ಗೆ ಚಿಂತೆ ಬೇಡ.