7 ವರ್ಷ, 86,000 ಕಿಲೋಮೀಟರ್: ನಮ್ಮ ಕಾರಿನ ಎಸಿ ಮತ್ತು ಹೀಟರ್

ಕಾರು ತಗೊಂಡು 7 ವರ್ಷ ಆಯಿತು. ಓಡಿರುವುದು 86,000 ಕಿಲೋಮೀಟರ್. 1.2 ಲೀಟರ್ ಪೆಟ್ರೋಲ್ ಎಂಜಿನ್, ಎಸಿಗೆ ತಿರುಗಿಸುವ ಮೂರು ನಾಬ್, ಹಿಂದಿನ ಸೀಟಿಗೆ ಬೇರೆ ವೆಂಟ್ ಇಲ್ಲ. ಎಂಜಿನ್ ಬಗ್ಗೆ, ಸಸ್ಪೆನ್ಷನ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕಾರಲ್ಲಿ ಕೂತವರಿಗೆ ದಿನಾ ಮೊದಲು ತಾಗುವುದು ಗಾಳಿ. ಅದಕ್ಕೇ ಈ ಬರಹ ಪೂರ್ತಿ ಎಸಿ ಮತ್ತು ಹೀಟರ್ ಮೇಲೆ.

ಬಿಸಿಲಲ್ಲಿ ಎರಡು ಮೂರು ಗಂಟೆ ನಿಂತ ಕಾರಿನ ಬಾಗಿಲು ತೆಗೆದರೆ ಒಲೆಯ ಮುಂದೆ ನಿಂತ ಹಾಗೆ. ಸ್ಟೀರಿಂಗ್ ಹಿಡಿಯಲಾಗುವುದಿಲ್ಲ, ಸೀಟ್ ಬೆಲ್ಟಿನ ಕೊಂಡಿ ಕೈಗೆ ಚುರ್ ಅನ್ನುತ್ತದೆ. ಮೊದಲ ವರ್ಷ ನಾನು ಒಳಗೆ ಕೂತ ತಕ್ಷಣ ಕಿಟಕಿ ಮುಚ್ಚಿ, ಗಾಳಿ ಬೀಸುವ ಬ್ಲೋವರನ್ನು 4ಕ್ಕೆ ಏರಿಸಿ ಕಾಯುತ್ತಿದ್ದೆ. ಹತ್ತು ನಿಮಿಷ ಬೆವರೇ. ಈಗ ನಾಲ್ಕೂ ಕಿಟಕಿ ಇಳಿಸಿ, ಎಸಿ ಹಾಕಿ, ಒಂದೆರಡು ನಿಮಿಷ ಹಾಗೇ ಓಡಿಸುತ್ತೇನೆ. ಒಳಗೆ ಕೂಡಿಕೊಂಡ ಗಾಳಿ ಹೊರಗಿನದಕ್ಕಿಂತ ಎಷ್ಟೋ ಬಿಸಿ. ಅದನ್ನು ತಂಪು ಮಾಡುತ್ತಾ ಕೂರುವುದಕ್ಕಿಂತ ಹೊರಗೆ ತಳ್ಳುವುದೇ ಸುಲಭ ಅಲ್ವಾ? ಆಮೇಲೆ ಕಿಟಕಿ ಏರಿಸಿ ರೀಸರ್ಕ್ಯುಲೇಷನ್ ಒತ್ತುತ್ತೇನೆ. ಒಳಗಿನ ಗಾಳಿಯೇ ಮತ್ತೆ ಮತ್ತೆ ಕೂಲಿಂಗ್ ಕಾಯಿಲ್ ಮೇಲೆ ಹಾಯುವುದರಿಂದ ಬೇಗ ತಣ್ಣಗಾಗುತ್ತದೆ.

ಸಿಗ್ನಲ್‌ನಲ್ಲಿ ನಿಂತಾಗ ಕೂಲಿಂಗ್ ಇಳಿಯುವುದು ಈ ಕಾರಿನ ದೊಡ್ಡ ಕೊರತೆ. ಅನುಮಾನ ಬೇಡ ಅಂತ ಒಂದು ಕಡ್ಡಿ ಥರ್ಮಾಮೀಟರ್ ತಂದು ನಡುವಿನ ವೆಂಟಿಗೆ ಸಿಕ್ಕಿಸಿ ನೋಡಿದೆ. ಹೊರಗೆ 36 ಡಿಗ್ರಿ ಇದ್ದ ಮಧ್ಯಾಹ್ನ, ಓಡುವಾಗ ವೆಂಟಿನಿಂದ ಬಂದ ಗಾಳಿ 8 ಡಿಗ್ರಿ. ಟ್ರಾಫಿಕ್‌ನಲ್ಲಿ ನಾಲ್ಕು ನಿಮಿಷ ನಿಂತಾಗ 14ಕ್ಕೆ ಏರಿತು. ಹೊರಟ ಮೇಲೆ ಒಂದೇ ನಿಮಿಷದಲ್ಲಿ ಮತ್ತೆ 9. ಕಾರಣ ಸರಳ. ಎಸಿಯ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಎಂಜಿನ್ ಐಡಲ್‌ನಲ್ಲಿದ್ದರೆ ಅದೂ ನಿಧಾನ. ಜೊತೆಗೆ, ಒಳಗಿನ ಶಾಖವನ್ನು ಹೊರಗೆ ಬಿಡುವ ಕಂಡೆನ್ಸರ್ ಇರುವುದು ಮುಂದೆ, ರೇಡಿಯೇಟರಿನ ಎದುರಿಗೆ. ಕಾರು ನಿಂತರೆ ಅದಕ್ಕೆ ಎದುರುಗಾಳಿ ಇಲ್ಲ, ಫ್ಯಾನ್ ಎಳೆದಷ್ಟೇ ಗಾಳಿ. ನಿಂತಾಗ ಬ್ಲೋವರ್ 4ರಿಂದ 2ಕ್ಕೆ ಇಳಿಸಿದರೆ ಗಾಳಿ ಕಡಿಮೆ ಬಂದರೂ ತಣ್ಣಗೆ ಬರುತ್ತದೆ. ನಾನು ಈಗ ಮಾಡುವುದು ಅದನ್ನೇ.

ಏರು ಹತ್ತುವಾಗ ಎಸಿಯ ಭಾರ ಕಾಲಿಗೆ ಗೊತ್ತಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕಾರಿನ ಕಂಪ್ಯೂಟರೇ ಕಂಪ್ರೆಸರನ್ನು ಕೆಲವು ಸೆಕೆಂಡು ಎಂಜಿನ್ನಿನಿಂದ ಬಿಡಿಸುತ್ತದೆ. ಕಿವಿಗೊಟ್ಟರೆ ಮುಂದಿನಿಂದ ಸಣ್ಣಗೆ ಟಕ್ ಅನ್ನುವ ಸದ್ದು ಕೇಳುತ್ತದೆ, ಅದರ ಹಿಂದೆಯೇ ಪಿಕಪ್ ಬರುತ್ತದೆ. ಮೈಲೇಜ್ ವಿಷಯ ಹೇಳುವುದಾದರೆ, ಟ್ಯಾಂಕ್ ತುಂಬಿಸಿ ತುಂಬಿಸಿ ಬರೆದಿಟ್ಟ ಲೆಕ್ಕದಲ್ಲಿ ಎಸಿ ಹಾಕಿದ ತಿಂಗಳು ಲೀಟರಿಗೆ 1ರಿಂದ 1.5 ಕಿಲೋಮೀಟರ್ ಕಡಿಮೆ. ತುಂಬಾ ಜನ ಚಳಿ ಆಯಿತು ಅಂತ ಟೆಂಪರೇಚರ್ ನಾಬನ್ನು ನಡುವಿಗೆ ತಿರುಗಿಸಿ ಪೆಟ್ರೋಲ್ ಉಳಿಯಿತು ಅಂದುಕೊಳ್ಳುತ್ತಾರೆ. ನಮ್ಮ ಕಾರಿನಂಥ ಸಾದಾ ಎಸಿಯಲ್ಲಿ ಆ ನಾಬ್ ತಣ್ಣನೆ ಗಾಳಿಗೆ ಹೀಟರಿನ ಬಿಸಿ ಬೆರೆಸುತ್ತದೆ, ಅಷ್ಟೇ. ಕಂಪ್ರೆಸರ್ ಪಾಡಿಗೆ ಕಂಪ್ರೆಸರ್ ಓಡುತ್ತಲೇ ಇರುತ್ತದೆ. ಹಾಗಾಗಿ ನಾನು ಮೊದಲು ಬ್ಲೋವರ್ ಇಳಿಸುತ್ತೇನೆ, ನಾಬ್ ಮುಟ್ಟುವುದು ಕೊನೆಗೆ.

ಇಷ್ಟು ವರ್ಷದಲ್ಲಿ ಎಸಿ ಬಗ್ಗೆ ನನ್ನ ಅಭಿಪ್ರಾಯವನ್ನೇ ಬದಲಿಸಿದ್ದು ಒಂದು ಮಳೆ ರಾತ್ರಿ. ಕಾರಲ್ಲಿ ನಾವು ಐದು ಜನ. ಒದ್ದೆ ಛತ್ರಿ, ಒದ್ದೆ ಬಟ್ಟೆ, ಒದ್ದೆ ಚಪ್ಪಲಿ. ಚಳಿ ಅಂತ ಎಸಿ ಆಫ್ ಮಾಡಿದ್ದೆ, ರೀಸರ್ಕ್ಯುಲೇಷನ್ ಬಟನ್ ಒತ್ತಿದ್ದು ಹಾಗೇ ಇತ್ತು. ಹತ್ತು ನಿಮಿಷದಲ್ಲಿ ಮುಂದಿನ ಗಾಜು ಹಾಲಿನ ಹಾಗೆ ಬೆಳ್ಳಗಾಯಿತು. ಬಟ್ಟೆಯಲ್ಲಿ ಒರೆಸಿದೆ. ಗೆರೆಗೆರೆ ಎದ್ದು, ಎದುರಿನ ಗಾಡಿಗಳ ಲೈಟು ಗಾಜಿನ ತುಂಬ ಹರಡಿಕೊಂಡಿತು. ರಸ್ತೆಯ ಅಂಚು ಎಲ್ಲಿ ಅಂತಲೇ ಕಾಣಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿದೆ. ರೀಸರ್ಕ್ಯುಲೇಷನ್ ತೆಗೆದು, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಎಸಿ ಆನ್ ಮಾಡಿ, ಟೆಂಪರೇಚರ್ ನಾಬನ್ನು ಬಿಸಿಗೆ ತಿರುಗಿಸಿದೆ. ಕೆಳಗಿನ ಅಂಚಿನಿಂದ ಗಾಜು ಬಿಡಿಸಿಕೊಳ್ಳುತ್ತಾ ಬಂತು. ಎರಡೇ ನಿಮಿಷಕ್ಕೆ ಪೂರ್ತಿ ತಿಳಿಯಾಯಿತು.

ಎಸಿ, ಹೀಟರ್ ಎರಡೂ ಒಟ್ಟಿಗೆ ಯಾಕೆ? ತಣ್ಣೀರು ತುಂಬಿದ ಲೋಟದ ಹೊರಗೆ ಹನಿ ಕಟ್ಟುವುದನ್ನು ನೋಡಿರುತ್ತೀರಿ. ಡ್ಯಾಶ್‌ಬೋರ್ಡ್ ಹಿಂದಿನ ತಣ್ಣನೆ ಕಾಯಿಲ್ ಮೇಲೂ ಹಾಗೇ ಗಾಳಿಯ ತೇವ ಹನಿಯಾಗಿ ಕೆಳಗಿಳಿದು ಹೋಗುತ್ತದೆ. ಹಾಗೆ ಒಣಗಿದ ಗಾಳಿಯನ್ನು ಹೀಟರ್ ಬಿಸಿ ಮಾಡಿದರೆ ಅದು ಗಾಜಿನ ಮೇಲಿನ ತೇವವನ್ನು ಗಬಕ್ಕನೆ ಹೀರಿಕೊಳ್ಳುತ್ತದೆ. ಎಸಿ ಅಂದರೆ ತಂಪು ಅಂತಷ್ಟೇ ನಾನು ಅಂದುಕೊಂಡಿದ್ದೆ. ಗಾಳಿ ಒಣಗಿಸುವುದು ಅದರ ಅರ್ಧ ಕೆಲಸ. ನನ್ನ ಮಟ್ಟಿಗೆ ಇದು ಬ್ರೇಕಿನಷ್ಟೇ ಮುಖ್ಯವಾದ ವಿಷಯ. ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಕೂರಿಸಿ ತೋರಿಸಿದ್ದೇನೆ. ಒಂದು ಎಚ್ಚರ: ಸೆಕೆಯ ದಿನ ತಣ್ಣನೆ ಗಾಳಿಯನ್ನೇ ಗಾಜಿಗೆ ಬಿಟ್ಟರೆ ಮಂಜು ಗಾಜಿನ ಹೊರಗೆ ಕಟ್ಟುತ್ತದೆ. ಒಳಗೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ವೈಪರ್ ಒಂದು ಸಲ ಹಾಕಿ, ಗಾಳಿಯನ್ನು ಗಾಜಿನಿಂದ ಬೇರೆ ಕಡೆಗೆ ತಿರುಗಿಸಬೇಕು.

ಹೀಟರ್ ಬಗ್ಗೆ ದೂರು ಕಡಿಮೆ. ಎಂಜಿನ್ ತಂಪು ಮಾಡಲು ಸುತ್ತುವ ಕೂಲಂಟ್ ಸುಮಾರು 90 ಡಿಗ್ರಿಗೆ ಕಾಯುತ್ತದೆ. ಸುಮ್ನೆ ಹೋಗುವ ಆ ಶಾಖವನ್ನೇ ಹೀಟರ್ ಒಳಗೆ ತರುತ್ತದೆ. ಹೆಚ್ಚು ಪೆಟ್ರೋಲ್ ಕೇಳುವುದಿಲ್ಲ. ಆದರೆ ಎಂಜಿನ್ ಕಾಯುವವರೆಗೆ ಬಿಸಿ ಬರುವುದಿಲ್ಲ. ಚಳಿ ಬೆಳಿಗ್ಗೆ ಮೊದಲ ಐದಾರು ನಿಮಿಷ ಬ್ಲೋವರ್ ಹಾಕಿದರೆ ಕಾಲಿಗೆ ತಣ್ಣನೆ ಗಾಳಿಯೇ. ಎರಡು ಕಿಲೋಮೀಟರಿನ ಓಡಾಟದಲ್ಲಂತೂ ಹೀಟರ್ ಇದ್ದೂ ಇಲ್ಲ. ನನ್ನ ತಮ್ಮನ ಎಲೆಕ್ಟ್ರಿಕ್ ಕಾರಲ್ಲಿ ಒಂದು ನಿಮಿಷದೊಳಗೆ ಬೆಚ್ಚಗಾಗುತ್ತದೆ. ಅಲ್ಲಿ ಎಂಜಿನ್ ಶಾಖವೇ ಇಲ್ಲವಲ್ಲ, ಬ್ಯಾಟರಿಯ ಕರೆಂಟಿನಿಂದಲೇ ಬಿಸಿ ಮಾಡಬೇಕು. ಹೀಟರ್ ಒತ್ತಿದ ತಕ್ಷಣ ಪರದೆಯ ಮೇಲೆ ಉಳಿದ ಕಿಲೋಮೀಟರ್ ಇಳಿಯುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಇನ್ನು ರಿಪೇರಿ. ನಾಲ್ಕನೇ ವರ್ಷ ಕೂಲಿಂಗ್ ಕುಗ್ಗಿತು. ಒಂದು ಗ್ಯಾರೇಜಿನಲ್ಲಿ ಗ್ಯಾಸ್ ತುಂಬಿ ಕಳಿಸಿದರು. ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಮತ್ತೆ ತುಂಬಿದರು. "ವರ್ಷ ಆದ ಮೇಲೆ ಗ್ಯಾಸ್ ಖರ್ಚಾಗುತ್ತೆ ಸಾರ್" ಅಂದರು. ಇದು ನನಗೆ ಇವತ್ತಿಗೂ ಬೇಸರದ ವಿಷಯ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಲ್ಲ. ಮುಚ್ಚಿದ ಪೈಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಇಷ್ಟು ಬೇಗ ಕಡಿಮೆ ಆಯಿತು ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮೂರನೇ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಎಸಿ ಪೈಪಿನೊಳಗೆ ಸೋರಿಕೆ ತೋರಿಸುವ ಬಣ್ಣ ಬಿಟ್ಟು, ಎರಡು ದಿನ ಓಡಿಸಿಕೊಂಡು ಬನ್ನಿ ಅಂದರು. ಆಮೇಲೆ ಬಂಪರ್ ಕೆಳಗೆ ನೀಲಿ ಟಾರ್ಚ್ ಹಿಡಿದು ನನ್ನನ್ನೂ ಬಗ್ಗಿಸಿ ತೋರಿಸಿದರು. ಕಂಡೆನ್ಸರಿನ ಕೆಳ ಮೂಲೆಯಲ್ಲಿ ಎಣ್ಣೆ ಹತ್ತಿ ಕಪ್ಪಾದ ಧೂಳು. ಅದರ ನಡುವೆ ಸಾಸಿವೆ ಕಾಳಿನಷ್ಟು ಜಾಗ ಹಸಿರು ಹಳದಿಯಾಗಿ ಮಿನುಗುತ್ತಿತ್ತು. ಯಾವುದೋ ಕಲ್ಲು ಸಿಡಿದು ಬಡಿದಿದೆ. ಕಂಡೆನ್ಸರ್ ಬದಲಿಸಿ, ಪೈಪಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬಿದರು. ಅದಾದ ಮೇಲೆ ಒಮ್ಮೆಯೂ ಗ್ಯಾಸ್ ಮುಟ್ಟಿಲ್ಲ.

ನಮ್ಮ ಕಾರಿನ ಎಸಿಯಲ್ಲಿರುವುದು ಆರ್-134ಎ ಅನ್ನುವ ಗ್ಯಾಸ್. ಹಳೆಯ ಆರ್-12 ಗ್ಯಾಸ್ ಓಝೋನ್ ಪದರಕ್ಕೆ ಹಾನಿ ಮಾಡುತ್ತಿತ್ತು, ಇದು ಮಾಡುವುದಿಲ್ಲ. ಆದರೆ 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಸೋರುವ ಜಾಗ ಹುಡುಕದೆ ತುಂಬುತ್ತಾ ಹೋದರೆ ಅದೆಲ್ಲ ಹೋಗುವುದು ಗಾಳಿಗೇ. ಎರಡು ಸಲ ಹಾಗಾಗಲು ಬಿಟ್ಟೆನಲ್ಲ ಅಂತ ನನಗೆ ನೋವಿದೆ. ಹಲವು ಹೊಸ ಕಾರುಗಳಲ್ಲಿ ಆರ್-1234ವೈಎಫ್ ಬರುತ್ತಿದೆ. ಅದರ ಪರಿಣಾಮ ತುಂಬಾ ಕಡಿಮೆ. ಎರಡನ್ನೂ ಬೆರೆಸುವ ಹಾಗಿಲ್ಲ.

ಐದನೇ ವರ್ಷ ಪಕ್ಕದ ಸೀಟಿನ ಕಾಲಡಿ ಮ್ಯಾಟ್ ಒದ್ದೆ. ಯಾರೋ ನೀರು ಚೆಲ್ಲಿದ್ದಾರೆ ಅಂದುಕೊಂಡೆ. ಮರುದಿನವೂ ಒದ್ದೆ. ಆಗ ಹೊಳೆಯಿತು, ಎಸಿ ಹಾಕಿ ನಿಲ್ಲಿಸಿದಾಗ ಕಾರಿನ ಕೆಳಗೆ ಬೀಳುತ್ತಿದ್ದ ನೀರು ಈಗ ಬೀಳುತ್ತಿಲ್ಲ. ಕಾಯಿಲ್‌ನ ನೀರು ಹೊರಹೋಗುವ ಸಣ್ಣ ಪೈಪಿನಲ್ಲಿ ಮಣ್ಣು ಕಟ್ಟಿತ್ತು. ತೆಗೆಯಲು ಹತ್ತು ನಿಮಿಷ, ಕಾರ್ಪೆಟ್ ಕೆಳಗಿನ ಸ್ಪಂಜು ಒಣಗಲು ನಾಲ್ಕು ದಿನ. ಅಂದಿನಿಂದ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ಕಂಡರೆ ಸಮಾಧಾನ.

ಮುಗ್ಗಲು ವಾಸನೆಗೆ ಸೆಂಟು ಬೇಡ. ಇಳಿಯುವ ಮೂರು ನಾಲ್ಕು ನಿಮಿಷ ಮೊದಲು ಎಸಿ ಬಟನ್ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸುತ್ತೇನೆ, ಕಾಯಿಲ್ ಒಣಗುತ್ತದೆ. ಗ್ಲೋವ್ ಬಾಕ್ಸ್ ಹಿಂದಿನ ಫಿಲ್ಟರನ್ನು 10,000 ಕಿಲೋಮೀಟರಿಗೆ ಒಮ್ಮೆ ಬದಲಿಸುತ್ತೇನೆ. ಮೊದಲ ಸಲ ಎಳೆದಾಗ ಬಿಳಿ ಇರಬೇಕಾದದ್ದು ಕಂಬಳಿಯ ಬಣ್ಣಕ್ಕೆ ತಿರುಗಿತ್ತು. ಮಡಿಕೆಯಲ್ಲಿ ಒಣ ಎಲೆ ಚೂರು, ಯಾವುದೋ ಹುಳದ ರೆಕ್ಕೆ. ಇದನ್ನೆಲ್ಲ ಹಾದು ಬಂದ ಗಾಳಿಯನ್ನೇ ಮಕ್ಕಳು ಉಸಿರಾಡುತ್ತಿದ್ದರು. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕುತ್ತೇನೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದರಿಂದ ಸೀಲುಗಳು ಒಣಗುವುದಿಲ್ಲ. ದೂರದ ಪ್ರಯಾಣದಲ್ಲಿ ರೀಸರ್ಕ್ಯುಲೇಷನ್ ಜಾಸ್ತಿ ಹೊತ್ತು ಹಾಕಿಡುವುದಿಲ್ಲ. ನಾಲ್ಕೈದು ಜನರ ಉಸಿರು ಒಳಗೇ ಕೂಡಿಕೊಂಡು ತೂಕಡಿಕೆ ಬರುತ್ತದೆ.

ಹಿಂದೆ ಕೂರುವ ಅಮ್ಮನಿಗೆ ಮಾತ್ರ ಈ ಕಾರು ನ್ಯಾಯ ಮಾಡಿಲ್ಲ. ಮುಂದಿನವರಿಗೆ ಚಳಿ ಹತ್ತಿದ ಮೇಲೆ ಅವರಿಗೆ ತಂಪು ತಲುಪುತ್ತದೆ. ನಡುವಿನ ಎರಡು ವೆಂಟನ್ನು ಮೇಲ್ಮುಖ ಮಾಡಿ ಸೀಟುಗಳ ಸಂದಿಗೆ ಗುರಿಯಿಟ್ಟರೆ ಸ್ವಲ್ಪ ಬೇಗ ಹೋಗುತ್ತದೆ. ಮುಂದಿನ ಕಾರು ನೋಡುವಾಗ ಹಿಂದಿನ ವೆಂಟ್ ಇಲ್ಲದ್ದನ್ನು ನಾನು ನೋಡುವುದೇ ಇಲ್ಲ.

ಹೋದ ವಾರ ಮತ್ತೆ ಥರ್ಮಾಮೀಟರ್ ಸಿಕ್ಕಿಸಿದ್ದೆ. ಹೊರಗೆ 34, ವೆಂಟಿನಲ್ಲಿ 8. ಒಂದೇ ಹೊಸ ತೊಂದರೆ: ರೀಸರ್ಕ್ಯುಲೇಷನ್ ಒತ್ತಿದಾಗ ಡ್ಯಾಶ್‌ಬೋರ್ಡ್ ಹಿಂದೆ ಟಿಕ್ ಟಿಕ್ ಸದ್ದು. ಗಾಳಿಯ ದಾರಿ ಬದಲಿಸುವ ಮುಚ್ಚಳದ ಪುಟ್ಟ ಮೋಟಾರಿನಲ್ಲಿ ಹಲ್ಲು ಸವೆದಿದೆಯಂತೆ. ಮುಂದಿನ ಸರ್ವೀಸಿಗೆ ಬದಲಿಸುತ್ತೇನೆ.